ಹತ್ತೊಂಬತ್ತನೆಯ ಬ್ಯಾಟರ್: ಬ್ಲೇಕ್ ಸ್ನೆಲ್ ಅವರನ್ನು ಬದಲಿಸಿದ ತೀರ್ಮಾನವನ್ನು ಓದುವ ಬಗೆ

ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂಬುದು ಬೇಸ್‌ಬಾಲ್ ಅಭಿಮಾನಿಗಳ ನಡುವೆ ಎಂದಿಗೂ ಮುಗಿಯದ ವಾದ. ಇಂಥ ತೀರ್ಮಾನಗಳಲ್ಲಿ 2020ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಮೇಜರ್ ಲೀಗ್‌ನ ಅಂತಿಮ ಸರಣಿ) ಆರನೆಯ ಪಂದ್ಯದ್ದು ಕಲಿಯುವವರಿಗೆ ಬಹಳ ಉಪಯುಕ್ತ, ಏಕೆಂದರೆ ಪಿಚಿಂಗ್, ಆಟಗಾರರ ಟ್ರೇಡ್ (ತಂಡಗಳ ನಡುವಿನ ವಿನಿಮಯ) ಮತ್ತು ಆಡಳಿತದ ಹಣಕಾಸು ಮೂರೂ ಅದರಲ್ಲಿ ಹೆಣೆದುಕೊಂಡಿವೆ. ಮೂರನ್ನೂ ಬಿಡಿಸಿ ಓದಿಕೊಂಡರೆ ಮಾತ್ರ ವಾದ ತಿಳಿಯಾಗುತ್ತದೆ. ಔಟ್, ಇನ್ನಿಂಗ್ಸ್, ಬೇಸ್, ಸ್ಟ್ರೈಕ್‌ಔಟ್ ಮುಂತಾದವುಗಳ ಪರಿಚಯ ಓದುಗರಿಗೆ ಇದೆ ಎಂದು ಭಾವಿಸಿ ಮುಂದುವರಿಯುತ್ತೇನೆ.

ನಡೆದದ್ದು ಏನು

2020ರ ಅಕ್ಟೋಬರ್ 27. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಟ್ಯಾಂಪಾ ಬೇ ರೇಸ್ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಗಳ ಆರನೆಯ ಪಂದ್ಯ. ಸರಣಿಯಲ್ಲಿ ಡಾಡ್ಜರ್ಸ್ 3-2ರಿಂದ ಮುಂದಿದ್ದುದರಿಂದ ರೇಸ್ ಸೋತರೆ ಅಲ್ಲಿಗೇ ಮುಗಿಯುತ್ತಿತ್ತು. ಮೊದಲ ಇನ್ನಿಂಗ್ಸ್‌ನಲ್ಲಿ ರ‍್ಯಾಂಡಿ ಅರೋಜರೇನಾ ಹೊಡೆದ ಹೋಮ್ ರನ್‌ನಿಂದ ರೇಸ್ 1-0 ಮುಂದಿತ್ತು. ರೇಸ್‌ನ ಎಡಗೈ ಪಿಚರ್ ಬ್ಲೇಕ್ ಸ್ನೆಲ್ ಆರನೆಯ ಇನ್ನಿಂಗ್ಸ್‌ನಲ್ಲಿ ಒಂದು ಔಟ್ ಆಗುವವರೆಗೆ 9 ಸ್ಟ್ರೈಕ್‌ಔಟ್ ಪಡೆದಿದ್ದರು, ಯಾರಿಗೂ ವಾಕ್ (ನಾಲ್ಕು ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಕೊಟ್ಟಿರಲಿಲ್ಲ, ಎಸೆದ ಚೆಂಡುಗಳು ಕೇವಲ 73. ಆಗ ಒಂಬತ್ತನೆಯ ಕ್ರಮಾಂಕದ ಆಸ್ಟಿನ್ ಬಾರ್ನ್ಸ್ ಒಂದು ಸಿಂಗಲ್ (ಮೊದಲ ಬೇಸ್ ತಲುಪಿಸುವ ಹಿಟ್) ಹೊಡೆದರು. ಅದು ಸ್ನೆಲ್ ಬಿಟ್ಟುಕೊಟ್ಟ ಎರಡನೆಯ ಹಿಟ್ ಅಷ್ಟೇ. ಆದರೂ ಮ್ಯಾನೇಜರ್ ಕೆವಿನ್ ಕ್ಯಾಶ್ ಮೌಂಡ್‌ಗೆ, ಅಂದರೆ ಪಿಚರ್ ನಿಲ್ಲುವ ದಿಬ್ಬಕ್ಕೆ, ನಡೆದು ಬಂದು ಅವರನ್ನು ಬದಲಿಸಿ ಬಲಗೈ ರಿಲೀವರ್ (ಬದಲಿ ಪಿಚರ್) ನಿಕ್ ಆಂಡರ್ಸನ್ ಅವರನ್ನು ಕರೆಸಿದರು.

ಮುಂದಿನ ಬ್ಯಾಟರ್ ಮೂಕಿ ಬೆಟ್ಸ್ ಡಬಲ್ (ಎರಡನೆಯ ಬೇಸ್ ತಲುಪಿಸುವ ಹಿಟ್) ಹೊಡೆದರು. ಬಳಿಕ ಒಂದು ವೈಲ್ಡ್ ಪಿಚ್‌ನಲ್ಲಿ (ಕ್ಯಾಚರ್ ಹಿಡಿಯಲಾಗದಷ್ಟು ದಾರಿ ತಪ್ಪಿದ ಎಸೆತ) ಬಾರ್ನ್ಸ್ ಓಡಿ ಬಂದು ಸ್ಕೋರ್ ಸಮವಾಯಿತು. ಕೋರಿ ಸೀಗರ್ ನೆಲಕ್ಕೆ ಹೊಡೆದ ಚೆಂಡನ್ನು ಮೊದಲ ಬೇಸ್‌ನಿಂದ ಹೋಮ್‌ಗೆ ಎಸೆಯುವಷ್ಟರಲ್ಲಿ ಬೆಟ್ಸ್ ಜಾರಿ ತಲುಪಿಬಿಟ್ಟಿದ್ದರು, 2-1. ಎಂಟನೆಯ ಇನ್ನಿಂಗ್ಸ್‌ನಲ್ಲಿ ಬೆಟ್ಸ್ ಹೋಮ್ ರನ್ ಹೊಡೆದದ್ದರಿಂದ ಪಂದ್ಯ 3-1ಕ್ಕೆ ಮುಗಿದು, ಡಾಡ್ಜರ್ಸ್ 1988ರ ನಂತರ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ಎರಡು ನಿಯಮಗಳನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. ಕ್ರಿಕೆಟ್‌ನಲ್ಲಿ ನಾಯಕ ಒಬ್ಬ ಬೌಲರ್‌ಗೆ ವಿಶ್ರಾಂತಿ ಕೊಟ್ಟು ಐದು ಓವರ್ ಬಿಟ್ಟು ಮತ್ತೆ ಚೆಂಡು ಕೊಡಬಹುದು, ಆದರೆ ಬೇಸ್‌ಬಾಲ್‌ನಲ್ಲಿ ಬದಲಿಸಿ ಹೊರಕ್ಕೆ ಕಳುಹಿಸಿದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ. ಎರಡನೆಯದು 2020ರಲ್ಲೇ ಜಾರಿಗೆ ಬಂದ ನಿಯಮ: ಹೊಸದಾಗಿ ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು ಅಥವಾ ಇನ್ನಿಂಗ್ಸ್‌ನ ಆ ಪಾಳಿಯನ್ನು ಮುಗಿಸಬೇಕು. ಹಾಗಾಗಿ ಆಂಡರ್ಸನ್ ಅವರನ್ನು ಕರೆಸುವುದೆಂದರೆ ಬೆಟ್ಸ್, ಸೀಗರ್, ಜಸ್ಟಿನ್ ಟರ್ನರ್ ಮೂವರನ್ನೂ ಅವರ ಕೈಗೆ ಒಪ್ಪಿಸಿದಂತೆಯೇ ಆಗಿತ್ತು.

ಹದಿನೆಂಟರ ಲೆಕ್ಕ

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ ಹೆಜ್ಜೆ ಇದು, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. 73 ಚೆಂಡು ಇಂದಿನ ಸ್ಟಾರ್ಟಿಂಗ್ ಪಿಚರ್‌ಗೆ (ಪಂದ್ಯ ಶುರು ಮಾಡುವವನಿಗೆ) ಹೆಚ್ಚೇನಲ್ಲ; 90ರಿಂದ 100ರವರೆಗೆ ಎಸೆಯುವುದು ಸಾಮಾನ್ಯ. ದಣಿವಿನ ಲಕ್ಷಣವೂ ಸ್ನೆಲ್‌ನಲ್ಲಿ ಕಾಣುತ್ತಿರಲಿಲ್ಲ. ಹಾಗಿದ್ದರೆ ಕ್ಯಾಶ್ ಯಾವ ಅಂಕಿಯನ್ನು ನೋಡುತ್ತಿದ್ದರು?

ಎಣಿಸಿ ನೋಡೋಣ. ಐದು ಇನ್ನಿಂಗ್ಸ್‌ಗೆ 15 ಔಟ್, ಆರನೆಯದರಲ್ಲಿ ಒಂದು, ಒಟ್ಟು 16. ಅದಕ್ಕೆ ಎರಡು ಹಿಟ್ ಸೇರಿಸಿದರೆ 18. ಅಂದರೆ ಸ್ನೆಲ್ ಅದುವರೆಗೆ ಎದುರಿಸಿದವರು 18 ಬ್ಯಾಟರ್‌ಗಳು. ಕ್ರಮಾಂಕದಲ್ಲಿ ಒಂಬತ್ತು ಜನ ಇರುವುದರಿಂದ 18 ಎಂದರೆ ಸರಿಯಾಗಿ ಎರಡು ಸುತ್ತು. ಹತ್ತೊಂಬತ್ತನೆಯವರಾಗಿ ಬರುತ್ತಿದ್ದವರು ಮೊದಲ ಕ್ರಮಾಂಕದ ಬೆಟ್ಸ್. ಅವರು ಸ್ನೆಲ್ ಅವರನ್ನು ಮೂರನೆಯ ಬಾರಿ ನೋಡುವವರಿದ್ದರು. ಬೆಟ್ಸ್ ಮತ್ತು ಸೀಗರ್ ಸ್ನೆಲ್ ಅವರನ್ನು ಮೂರನೆಯ ಬಾರಿ ಎದುರಿಸುವುದು ತಮಗೆ ಬೇಕಿರಲಿಲ್ಲ ಎಂದು ಕ್ಯಾಶ್ ಪಂದ್ಯದ ನಂತರ ವಿವರಿಸಿದ್ದೂ ಇದನ್ನೇ.

ಇದರ ಹಿಂದಿನ ತತ್ತ್ವ ಲೀಗ್‌ನಲ್ಲಿ ಬಹಳ ವರ್ಷಗಳಿಂದ ತಿಳಿದಿರುವುದೇ. ಒಬ್ಬ ಸ್ಟಾರ್ಟರ್‌ನನ್ನು ಮೊದಲ ಸುತ್ತಿಗಿಂತ ಎರಡನೆಯ ಸುತ್ತಿನಲ್ಲಿ, ಎರಡನೆಯದಕ್ಕಿಂತ ಮೂರನೆಯ ಸುತ್ತಿನಲ್ಲಿ ಬ್ಯಾಟರ್‌ಗಳು ಸರಾಸರಿಯಾಗಿ ಚೆನ್ನಾಗಿ ಆಡುತ್ತಾರೆ. ದಣಿವು ಒಂದು ಕಾರಣ. ಚೆಂಡು ಕೈಯಿಂದ ಹೊರಬೀಳುವ ಕೋನ, ವೇಗ ಮತ್ತು ತಿರುವಿನ ನಡುವಿನ ಅಂತರ ಇವೆಲ್ಲ ಬ್ಯಾಟರ್ ಕಣ್ಣಿಗೆ ಪಳಗುವುದು ಇನ್ನೊಂದು, ಬಹುಶಃ ದೊಡ್ಡ ಕಾರಣ. ರೇಸ್ ಈ ತತ್ತ್ವವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದ ತಂಡ. 2018ರ ಮೇ 19ರಂದು ಏಂಜಲ್ಸ್ ವಿರುದ್ಧ, ಪಂದ್ಯಗಳ ಕೊನೆಯಲ್ಲಿ ಬರುತ್ತಿದ್ದ ಸರ್ಜಿಯೋ ರೋಮೋ ಅವರಿಂದಲೇ ಪಂದ್ಯ ಶುರು ಮಾಡಿಸಿ 'ಓಪನರ್' ಪದ್ಧತಿಯನ್ನು ಚಾಲ್ತಿಗೆ ತಂದದ್ದು ಇದೇ ತಂಡ. ಅದರ ಉದ್ದೇಶವೂ ಇದೇ ಲೆಕ್ಕ: ಎದುರಾಳಿಯ ಮೊದಲ ಮೂರ‍್ನಾಲ್ಕು ಬ್ಯಾಟರ್‌ಗಳನ್ನು ಓಪನರ್ ನೋಡಿಕೊಂಡರೆ, ಆಮೇಲೆ ಬರುವ ಮುಖ್ಯ ಪಿಚರ್ 18ಕ್ಕಿಂತ ನಾಲ್ಕೈದು ಹೆಚ್ಚು ಜನರನ್ನು ಎದುರಿಸಿದರೂ ಆ ಬಲಿಷ್ಠ ಬ್ಯಾಟರ್‌ಗಳು ಅವನನ್ನು ಎರಡು ಬಾರಿಗಿಂತ ಹೆಚ್ಚು ನೋಡುವುದಿಲ್ಲ. 2019ರ ಜುಲೈ ನಂತರ ಸ್ನೆಲ್ ಒಂದು ಪಂದ್ಯದಲ್ಲೂ ಆರು ಇನ್ನಿಂಗ್ಸ್ ಪೂರ್ಣಗೊಳಿಸಿರಲಿಲ್ಲ ಎಂಬುದನ್ನು ಸೇರಿಸಿಕೊಂಡರೆ, ಆ ರಾತ್ರಿಯ ಬದಲಾವಣೆ ಕ್ಯಾಶ್ ಅವರಿಗೆ ಆ ಕ್ಷಣ ಹೊಳೆದದ್ದಲ್ಲ, ತಂಡದ ಎರಡು ವರ್ಷಗಳ ರೂಢಿ ಎಂಬುದು ಸ್ಪಷ್ಟವಾಗುತ್ತದೆ.

ಆದರೆ ಹತ್ತೊಂಬತ್ತನೆಯ ಬ್ಯಾಟರ್ ಬಂದ ತಕ್ಷಣ ಪಿಚರ್ ಕುಸಿದು ಬೀಳುತ್ತಾನೆ ಎಂದು ಈ ತತ್ತ್ವ ಹೇಳುವುದಿಲ್ಲ. ಸುತ್ತಿನಿಂದ ಸುತ್ತಿಗೆ ಬರುವ ವ್ಯತ್ಯಾಸ ಸಣ್ಣದು, ಅದು ಎಲ್ಲ ಪಿಚರ್‌ಗಳನ್ನು ಒಟ್ಟುಗೂಡಿಸಿ ತೆಗೆದ ಸರಾಸರಿ. ಅದನ್ನು ಇಳಿಜಾರು ಎಂದು ಓದಬೇಕು. ಗೋಡೆ ಎಂದು ಓದಿದ ಕೂಡಲೇ ಎಡವುತ್ತೇವೆ. ಇದೇ ಸ್ನೆಲ್ 2025ರ ಅಕ್ಟೋಬರ್‌ನಲ್ಲಿ ಮಿಲ್ವಾಕೀ ಬ್ರೂವರ್ಸ್ ವಿರುದ್ಧ ಎಂಟು ಇನ್ನಿಂಗ್ಸ್ ಎಸೆದು, ಒಂದೇ ಹಿಟ್ ಕೊಟ್ಟು, ಆ ಓಟಗಾರನನ್ನೂ ಬೇಸ್‌ನಲ್ಲೇ ಔಟ್ ಮಾಡಿಸಿ, 24 ಬ್ಯಾಟರ್‌ಗಳಿಂದ 24 ಔಟ್ ಪಡೆದರು. ಹತ್ತೊಂಬತ್ತರಿಂದ ಇಪ್ಪತ್ತನಾಲ್ಕರವರೆಗಿನ ಆರು ಜನ ಅಲ್ಲಿ ಮೂರನೆಯ ಸುತ್ತಿನವರೇ. ಒಂದು ಪಂದ್ಯದಿಂದ ಸರಾಸರಿ ಸುಳ್ಳಾಗುವುದಿಲ್ಲ, ಆದರೆ ಸರಾಸರಿಯಿಂದ ಒಂದು ಪಂದ್ಯವನ್ನು ಮೊದಲೇ ತೀರ್ಮಾನಿಸಲೂ ಆಗುವುದಿಲ್ಲ.

ಹೋಲಿಸಬೇಕಾದದ್ದು ಯಾರನ್ನು ಯಾರೊಂದಿಗೆ

ವಾದಗಳು ದಾರಿ ತಪ್ಪುವುದು ಸಾಮಾನ್ಯವಾಗಿ ಇಲ್ಲಿ. ಒಂದು ಪಕ್ಷ, 'ಅಷ್ಟು ಚೆನ್ನಾಗಿ ಎಸೆಯುತ್ತಿದ್ದವರನ್ನು ತೆಗೆಯುವುದೇ?' ಎನ್ನುತ್ತದೆ, ಇನ್ನೊಂದು ಪಕ್ಷ, 'ಮೂರನೆಯ ಸುತ್ತಿನಲ್ಲಿ ಎಲ್ಲರೂ ದುರ್ಬಲರಾಗುತ್ತಾರೆ' ಎನ್ನುತ್ತದೆ. ಎರಡೂ ಸ್ನೆಲ್ ಅವರನ್ನು ಸ್ನೆಲ್ ಜೊತೆಗೇ ಹೋಲಿಸುತ್ತಿವೆ. ಮ್ಯಾನೇಜರ್ ಮುಂದಿರುವ ಪ್ರಶ್ನೆ ಬೇರೆ: ಮೂರನೆಯ ಸುತ್ತಿನ ಸ್ನೆಲ್ ಮತ್ತು ಈಗಷ್ಟೇ ಬರುವ ಆಂಡರ್ಸನ್, ಇವರಿಬ್ಬರಲ್ಲಿ ಈ ಮೂವರು ಬ್ಯಾಟರ್‌ಗಳಿಗೆ ಯಾರು ಮೇಲು?

ತಿಳಿಯಲಿಕ್ಕೆಂದು ನಾನೇ ಇಟ್ಟುಕೊಂಡ ಅಂಕಿಗಳಲ್ಲಿ ಹೇಳುವುದಾದರೆ ಹೀಗೆ. ಒಬ್ಬ ಉತ್ತಮ ಪಿಚರ್ ಎದುರು ನೂರರಲ್ಲಿ 28 ಬ್ಯಾಟರ್‌ಗಳು ಬೇಸ್ ತಲುಪುತ್ತಾರೆ, ಮೂರನೆಯ ಸುತ್ತಿಗೆ ಅದು 30 ಆಗುತ್ತದೆ ಎಂದುಕೊಳ್ಳಿ. ಬದಲಿಗೆ ಬರುವವನ ಎದುರು 27 ಜನ ತಲುಪುವುದಾದರೆ ಬದಲಾವಣೆ ಸರಿ, 33 ಜನ ತಲುಪುವುದಾದರೆ ತಪ್ಪು. 28 ಎಂಬುದು 30 ಆಯಿತೆಂಬ ಸಂಗತಿಯೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ.

ಈಗ ನಿಜವಾದ ಆಂಡರ್ಸನ್ ಅವರನ್ನು ನೋಡೋಣ. ಆ ವರ್ಷದ ಸಾಮಾನ್ಯ ಪಂದ್ಯಗಳಲ್ಲಿ ಅವರ ಇಆರ್‌ಎ, ಅಂದರೆ ಫೀಲ್ಡಿಂಗ್ ತಪ್ಪುಗಳಿಂದ ಬಂದವನ್ನು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 0.55. ಅಸಾಧಾರಣ ಸಾಧನೆ. ಆದರೆ ಪೋಸ್ಟ್‌ಸೀಸನ್‌ನಲ್ಲಿ, ಅಂದರೆ ಸಾಮಾನ್ಯ ಪಂದ್ಯಗಳ ನಂತರದ ನಾಕೌಟ್ ಸರಣಿಗಳಲ್ಲಿ, ಈ ಪಂದ್ಯಕ್ಕೆ ಮುಂಚಿನ ಸತತ ಆರು ಸಲ ಅವರು ರನ್ ಬಿಟ್ಟುಕೊಟ್ಟಿದ್ದರು. ಆ ರಾತ್ರಿ ಅದು ಏಳಾಯಿತು. ಇನ್ನೊಂದೆಡೆ, ಬೆಟ್ಸ್, ಸೀಗರ್, ಟರ್ನರ್ ಮೂವರೂ ಆ ರಾತ್ರಿ ಸ್ನೆಲ್ ಎದುರು ಎರಡೆರಡು ಬಾರಿ ಬಂದು ಆರಕ್ಕೆ ಆರೂ ಸಲ ಸ್ಟ್ರೈಕ್‌ಔಟ್ ಆಗಿದ್ದರು. ಬಲಗೈ ಬ್ಯಾಟರ್‌ಗೆ ಎಡಗೈ ಪಿಚರ್ ಸಾಮಾನ್ಯವಾಗಿ ಸುಲಭವಾದರೂ, ಬಲಗೈ ಬ್ಯಾಟರ್ ಬೆಟ್ಸ್ ಆ ವರ್ಷ ಎಡಗೈ ಪಿಚರ್‌ಗಳ ಎದುರು ಬಲಗೈಯವರ ಎದುರಿಗಿಂತ ಬಹಳ ಕಡಿಮೆ ಯಶಸ್ಸು ಕಂಡಿದ್ದರು. ಆರು ಸ್ಟ್ರೈಕ್‌ಔಟ್‌ಗಳು ಸಣ್ಣ ಮಾದರಿ ಎಂದು ತಳ್ಳಿಹಾಕುವವರು, ಆಂಡರ್ಸನ್ ಅವರ ಆರು ಕೆಟ್ಟ ಪಂದ್ಯಗಳೂ ಸಣ್ಣ ಮಾದರಿಯೇ ಎಂದು ವಾದಿಸುತ್ತಾರೆ. ಅದು ನ್ಯಾಯವಾದ ಆಕ್ಷೇಪ. ಆದರೂ ಎರಡು ಸಣ್ಣ ಸುಳಿವುಗಳು ಮತ್ತು ಕೈಯ ವ್ಯತ್ಯಾಸ ಮೂರೂ ಒಂದೇ ದಿಕ್ಕನ್ನು ತೋರಿಸುತ್ತಿದ್ದಾಗ, ಸಣ್ಣದೊಂದು ಸರಾಸರಿ ಇಳಿಜಾರು ಅವೆಲ್ಲವನ್ನೂ ಮೀರಿಸುತ್ತದೆ ಎಂಬುದು ನನಗೆ ಒಪ್ಪಿಗೆಯಾಗುವುದಿಲ್ಲ. ಸ್ನೆಲ್ ಅವರನ್ನು ಕನಿಷ್ಠ ಬೆಟ್ಸ್‌ವರೆಗಾದರೂ ಉಳಿಸಬೇಕಿತ್ತು ಎಂಬುದೇ ನನ್ನ ಅಭಿಪ್ರಾಯ. ಎದುರಾಳಿ ಮ್ಯಾನೇಜರ್ ಡೇವ್ ರಾಬರ್ಟ್ಸ್ ಆ ಬದಲಾವಣೆಯಿಂದ ತಮಗೆ ಸಂತೋಷವಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಈ ಅಭಿಪ್ರಾಯಕ್ಕೆ ಬೆಟ್ಸ್ ಹೊಡೆದ ಡಬಲ್ ಆಧಾರವಾಗಬಾರದು. ಆಂಡರ್ಸನ್ ಮೂವರನ್ನೂ ಔಟ್ ಮಾಡಿದ್ದರೂ ಬದಲಾವಣೆಯ ಗುಣಮಟ್ಟ ಅಷ್ಟೇ ಇರುತ್ತಿತ್ತು. ಟಿಪ್ಪಣಿ ಬರೆದುಕೊಳ್ಳುವವರು ಪಂದ್ಯದ ಫಲಿತಾಂಶವನ್ನು ಕೈಯಿಂದ ಮುಚ್ಚಿ, ಬಾರ್ನ್ಸ್ ಮೊದಲ ಬೇಸ್‌ನಲ್ಲಿ ನಿಂತಿರುವ ಕ್ಷಣದವರೆಗಿನ ಮಾಹಿತಿಯಿಂದಷ್ಟೇ ತೀರ್ಪು ಬರೆದು ನೋಡುವುದು ಒಳ್ಳೆಯ ಅಭ್ಯಾಸ.

ಟ್ರೇಡ್‌ನ ಪ್ರಶ್ನೆ ಬೇರೆ

ಎರಡು ತಿಂಗಳ ನಂತರ, ಡಿಸೆಂಬರ್ ಕೊನೆಯಲ್ಲಿ, ರೇಸ್ ಸ್ನೆಲ್ ಅವರನ್ನು ಸ್ಯಾನ್ ಡಿಯೇಗೋ ಪಾಡ್ರೇಸ್‌ಗೆ ಕೊಟ್ಟು ಲೂಯಿಸ್ ಪಟೀನ್ಯೋ, ಫ್ರಾನ್ಸಿಸ್ಕೋ ಮೆಹೀಯಾ, ಬ್ಲೇಕ್ ಹಂಟ್, ಕೋಲ್ ವಿಲ್‌ಕಾಕ್ಸ್ ಎಂಬ ನಾಲ್ವರನ್ನು ಪಡೆಯಿತು. ಆರನೆಯ ಪಂದ್ಯದ ಮುನಿಸೇ ಇದಕ್ಕೆ ಕಾರಣ ಎಂಬ ಮಾತು ಆಕರ್ಷಕವಾಗಿದ್ದರೂ, ಪಿಚರ್ ಬದಲಿಸುವುದು ಮ್ಯಾನೇಜರ್ ಕೆಲಸ, ಟ್ರೇಡ್ ಮಾಡುವುದು ಎರಿಕ್ ನಿಯಾಂಡರ್ ಮುಂದಾಳತ್ವದ ಆಡಳಿತದ ಕೆಲಸ. ಸ್ನೆಲ್ ಒಪ್ಪಂದದಲ್ಲಿ ಇನ್ನೂ ಮೂರು ವರ್ಷಕ್ಕೆ ಸುಮಾರು 3.9 ಕೋಟಿ ಡಾಲರ್ ಬಾಕಿ ಇತ್ತು. ಏಳನೆಯ ಪಂದ್ಯ ನಡೆದಿದ್ದರೆ ಅದನ್ನು ಶುರು ಮಾಡಬೇಕಿದ್ದ ಚಾರ್ಲಿ ಮಾರ್ಟನ್ ಅವರನ್ನು 1.5 ಕೋಟಿ ಡಾಲರ್‌ಗೆ ಇನ್ನೊಂದು ವರ್ಷ ಉಳಿಸಿಕೊಳ್ಳುವ ಆಯ್ಕೆಯನ್ನೂ ತಂಡ ಕೈಬಿಟ್ಟಿತ್ತು. ಆಟಗಾರ ಆರು ವರ್ಷ ಸೇವೆ ಮುಗಿಸುವವರೆಗೆ ತನಗೆ ಬೇಕಾದ ತಂಡ ಸೇರಲು ಮುಕ್ತನಾಗುವುದಿಲ್ಲ, ಮೊದಲ ಸುಮಾರು ಮೂರು ವರ್ಷ ಕನಿಷ್ಠ ವೇತನದ ಆಸುಪಾಸಿನಲ್ಲೇ ಆಡುತ್ತಾನೆ. ಸಣ್ಣ ಬಜೆಟ್‌ನ ರೇಸ್ ಬದುಕುವುದೇ ಈ ಆರು ವರ್ಷಗಳ ಮೇಲೆ: ಬೆಲೆ ಏರಿದವರನ್ನು ಕೊಟ್ಟು, ಬೆಲೆ ಇನ್ನೂ ಏರದವರನ್ನು ತರುತ್ತದೆ.

ಕೆಲವೊಮ್ಮೆ ಅದು ಅದ್ಭುತವಾಗಿ ಫಲಿಸಿದೆ. 2018ರಲ್ಲಿ ಕ್ರಿಸ್ ಆರ್ಚರ್ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟು ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್, ಶೇನ್ ಬಾಜ್ ಮೂವರನ್ನು ಪಡೆದದ್ದು, 2020ರ ಜನವರಿಯಲ್ಲಿ ಸೇಂಟ್ ಲೂಯಿಸ್‌ನಿಂದ ಅರೋಜರೇನಾ ಅವರನ್ನು ತಂದದ್ದು ಇದಕ್ಕೆ ಸಾಕ್ಷಿ. ಅರೋಜರೇನಾ ಆ ಪೋಸ್ಟ್‌ಸೀಸನ್‌ನಲ್ಲಿ ದಾಖಲೆಯ 10 ಹೋಮ್ ರನ್ ಹೊಡೆದರು. ಸ್ನೆಲ್ ಟ್ರೇಡ್ ಅಷ್ಟು ಫಲ ಕೊಡಲಿಲ್ಲ. ಪಟೀನ್ಯೋ ನಿರೀಕ್ಷೆಯ ಮಟ್ಟಕ್ಕೆ ಬೆಳೆಯದೆ 2023ರಲ್ಲಿ ತಂಡದಿಂದ ಹೊರಹೋದರು. ಅದೇ ವರ್ಷ ಸ್ನೆಲ್ ಪಾಡ್ರೇಸ್ ಪರ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡನೆಯ ಬಾರಿ ಗೆದ್ದರು.

ಆದರೂ 2021ರಲ್ಲಿ ಸ್ನೆಲ್ ಇಲ್ಲದೆಯೇ ರೇಸ್ 100 ಪಂದ್ಯ ಗೆದ್ದಿತು, ಅದು ಆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು. 162 ಪಂದ್ಯಗಳ ಉದ್ದದ ಓಟಕ್ಕೆ ಈ ಆಡಳಿತದ ಲೆಕ್ಕ ಸರಿ ಎಂದು ನಾನು ಒಪ್ಪುತ್ತೇನೆ, ಅಕ್ಟೋಬರ್‌ನ ಐದು ಪಂದ್ಯಗಳ ಸರಣಿಗೆ ಒಪ್ಪುವುದು ಕಷ್ಟ. ಅಲ್ಲಿ ಪ್ರತಿ ಪಂದ್ಯಕ್ಕೂ ಯಾರು ಮೊದಲ ಚೆಂಡು ಎಸೆಯುತ್ತಾರೆ ಎಂಬುದರ ತೂಕ ಹಲವು ಪಟ್ಟು ಹೆಚ್ಚು. ಗ್ಲಾಸ್ನೋ ಗಾಯಗೊಂಡಿದ್ದ ಆ ವರ್ಷ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧದ ಅಕ್ಟೋಬರ್ ಸರಣಿಯ ಎರಡನೆಯ ಪಂದ್ಯವನ್ನು ಶುರು ಮಾಡಿದವರು ಆರ್ಚರ್ ಟ್ರೇಡ್‌ನಲ್ಲಿ ಬಂದಿದ್ದ, ಮೇಜರ್ ಲೀಗ್‌ಗೆ ಕಾಲಿಟ್ಟು ತಿಂಗಳೂ ಆಗಿರದ ಬಾಜ್. ಅವರು ಮೂರನೆಯ ಇನ್ನಿಂಗ್ಸ್ ಮುಗಿಸಲಾಗದೆ ಹೊರನಡೆದರು, ರೇಸ್ ಆ ಪಂದ್ಯವನ್ನು 14-6ರಿಂದ ಸೋತಿತು, ಸರಣಿಯನ್ನು 3-1ರಿಂದ ಕಳೆದುಕೊಂಡಿತು.