ಎಂಆರ್‌ಪಿ ಸರ್ಕಾರ ಕಟ್ಟಿದ ಬೆಲೆ ಅಲ್ಲ

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಬಿಲ್ಡಿಂಗ್ ಕೆಳಗಿನ ಕಿರಾಣಿಯವರು ಎಲ್ಲ ಸಾಮಾನನ್ನೂ ಎಂಆರ್‌ಪಿಗೇ ಕೊಡುತ್ತಾರೆ. ಡಿಮಾರ್ಟ್‌ನಲ್ಲಿ ಅದೇ ಸಾಮಾನು ಕಡಿಮೆಗೆ ಸಿಗುತ್ತದೆ. ಕಿರಾಣಿಯವರು ನಮಗೆ ಮೋಸ ಮಾಡುತ್ತಿದ್ದಾರಾ? ಇಲ್ಲಾ ಮಾರ್ಟ್‌ನ ಮಾಲೇ ಕಳಪೆಯಾ?

ಉತ್ತರ: ಎರಡೂ ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮುಲುಂಡ್‌ನಿಂದ ಬರುತ್ತದೆ, ಮೀರಾ ರೋಡ್‌ನಿಂದ ಬರುತ್ತದೆ, ಗಣಪತಿ ಹಬ್ಬ ಹತ್ತಿರ ಬಂತೆಂದರೆ ಇನ್ನೂ ಜಾಸ್ತಿ. ಬರೀ ‘ಅಲ್ಲ’ ಅಂದರೆ ಮುಂದಿನ ತಿಂಗಳು ಮತ್ತೆ ಕೇಳುತ್ತೀರಿ. ಹಾಗಾಗಿ ಇವತ್ತು ಬುಡದಿಂದಲೇ ಹೇಳುತ್ತೇನೆ.

ಎಂಆರ್‌ಪಿ ಅಂದರೆ ಸರ್ಕಾರ ಕಟ್ಟಿದ ಬೆಲೆ, ಅದೇ ನ್ಯಾಯದ ಬೆಲೆ ಅಂತ ನಮ್ಮವರಲ್ಲಿ ಬಹಳ ಜನ ನಂಬಿದ್ದಾರೆ. ತಪ್ಪು. ಪೊಟ್ಟಣದ ಮೇಲೆ ಎಷ್ಟು ಅಚ್ಚು ಹಾಕಬೇಕು ಅಂತ ತೀರ್ಮಾನಿಸುವುದು ಕಂಪನಿ. ಸರ್ಕಾರ ಹೇಳುವುದು ಇಷ್ಟೇ: ಬೆಲೆ ಅಚ್ಚಾಗಿರಬೇಕು, ತೆರಿಗೆಯೆಲ್ಲ ಅದರಲ್ಲೇ ಸೇರಿರಬೇಕು, ಅದಕ್ಕಿಂತ ಒಂದು ಪೈಸೆಯೂ ಜಾಸ್ತಿ ತಗೊಳ್ಳಬಾರದು. 1990ಕ್ಕೆ ಮೊದಲು ‘ಸ್ಥಳೀಯ ತೆರಿಗೆ ಬೇರೆ’ ಅಂತ ಅಚ್ಚು ಹಾಕಲು ಅವಕಾಶವಿತ್ತು. ಆ ತೆರಿಗೆ ಎಷ್ಟು ಅಂತ ಗಿರಾಕಿಗೆ ಗೊತ್ತಿರುತ್ತಿರಲಿಲ್ಲ, ಅಂಗಡಿಯವರು ಹೇಳಿದ್ದೇ ಲೆಕ್ಕ. ಅದನ್ನು ನಿಲ್ಲಿಸಲು ಬಂದ ಬದಲಾವಣೆ ಇದು. ಇನ್ನು ಔಷಧಿ ಮಾತು ಬೇರೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದಕ್ಕೆ ಸರ್ಕಾರವೇ ಬೆಲೆಯ ಮಿತಿ ಹಾಕುತ್ತದೆ. ಆದರೆ ಸೋಪು, ಬಿಸ್ಕತ್ತು, ಚಹಾಪುಡಿಗೆ ಹಾಗಿಲ್ಲ.

ಅಂದರೆ ಎಂಆರ್‌ಪಿ ಒಂದು ಗಡಿ. ಗಡಿಯೊಳಗೆ ಎಷ್ಟಕ್ಕೆ ಬೇಕಾದರೂ ಮಾರಬಹುದು. ಕಡಿಮೆಗೆ ಮಾರುವುದು ಉಪಕಾರವಲ್ಲ, ಪೂರ್ತಿ ಎಂಆರ್‌ಪಿ ತಗೊಳ್ಳುವುದು ಕಳ್ಳತನವೂ ಅಲ್ಲ.

ನಾನು ಮಾಟುಂಗಾದಲ್ಲಿ ಹನ್ನೆರಡು ವರ್ಷ ಗಲ್ಲಾದ ಮೇಲೆ ಕೂತವನು. ನೂರು ರೂಪಾಯಿ ಎಂಆರ್‌ಪಿಯ ಮಾಲು ಡಿಸ್ಟ್ರಿಬ್ಯೂಟರ್‌ನಿಂದ ನಮಗೆ ತೊಂಬತ್ತು, ತೊಂಬತ್ತೊಂದಕ್ಕೆ ಬೀಳುತ್ತಿತ್ತು. ಉಳಿದ ಒಂಬತ್ತು ಹತ್ತು ರೂಪಾಯಿಯಲ್ಲೇ ಬಾಡಿಗೆ, ಲೈಟ್ ಬಿಲ್, ಹುಡುಗನ ಸಂಬಳ, ಇಲಿ ಕಡಿದ ಪೊಟ್ಟಣ, ವಾಪಸ್ ಬಾರದ ಉದ್ರಿ ಎಲ್ಲ ಕಳೆಯಬೇಕು. ಡಿಮಾರ್ಟ್ 2002ರಲ್ಲಿ ಪವಾಯಿಯಲ್ಲಿ ಮೊದಲ ಅಂಗಡಿ ತೆರೆದಾಗಿನಿಂದ ಅವರ ದಾರಿಯೇ ಬೇರೆ. ಲಾರಿಗಟ್ಟಲೆ ಕೊಳ್ಳುತ್ತಾರೆ, ದುಡ್ಡು ಬೇಗ ಚುಕ್ತಾ ಮಾಡುತ್ತಾರೆ, ಹೆಚ್ಚಿನ ಅಂಗಡಿಗಳು ಸ್ವಂತ ಜಾಗದಲ್ಲಿವೆ. ಹಾಗಾಗಿ ಕಡಿಮೆಗೆ ಸಿಗುತ್ತದೆ, ಕಡಿಮೆಗೆ ಕೊಡುತ್ತಾರೆ. ಪೊಟ್ಟಣದೊಳಗಿನ ಮಾಲು ಅದೇ. ನಂಬಿಕೆ ಇಲ್ಲದಿದ್ದರೆ ಎರಡೂ ಕಡೆಯ ಪೊಟ್ಟಣ ತಂದು ಜೋಡಿಸಿ ನೋಡಿ.

ಕಿರಾಣಿಯವರು ಆ ಹತ್ತು ರೂಪಾಯಿಗೆ ಏನು ಕೊಡುತ್ತಾರೆ? ಬೆಳಿಗ್ಗೆ ಏಳೂವರೆಗೆ ಮೂರನೇ ಮಹಡಿಯ ಅಕ್ಕ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದರು. ಒಳಗೆ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಚೀಟಿ: ಅರ್ಧ ಕಿಲೋ ಸಕ್ಕರೆ, ಐವತ್ತು ಗ್ರಾಂ ಸಾಸಿವೆ, ಎರಡು ಮೊಟ್ಟೆ. ಮೊಟ್ಟೆಯನ್ನು ಮೇಲಿಟ್ಟು ಬುಟ್ಟಿ ಕಳಿಸಿ, ಪುಸ್ತಕದಲ್ಲಿ ಅವರ ಹೆಸರಿಗೆ ಬರೆಯುತ್ತಿದ್ದೆ. ದುಡ್ಡು ಸಂಬಳ ಆದಮೇಲೆ. ಯಾವ ಮಾರ್ಟ್ ಹೀಗೆ ಮಾಡುತ್ತದೆ ಹೇಳಿ?

ಅದೇ ಅಕ್ಕ ತಿಂಗಳ ಮೊದಲ ಭಾನುವಾರ ಯಜಮಾನರ ಜೊತೆ ಮಾರ್ಟ್‌ಗೆ ಹೋಗಿ ಎಣ್ಣೆ, ಹಿಟ್ಟು, ಸೋಪು ಹೊತ್ತು ತರುತ್ತಿದ್ದರು. ನನಗೆ ಬೇಜಾರಾಗಲಿಲ್ಲ. ಕುಚ್ಚಲಕ್ಕಿ, ಮಂಗಳೂರು ಸೌತೆ, ಕೆಸುವಿನ ಎಲೆ ಬೇಕಾದಾಗ ಮಂಗಳೂರು ಸ್ಟೋರ್‌ಗೆ ಹೋಗುತ್ತಿದ್ದರು, ಅಲ್ಲಿ ಬೆಲೆಯನ್ನೇ ಕೇಳುತ್ತಿರಲಿಲ್ಲ. ಮಗಳ ಮದುವೆಗೆ ಸೀರೆ ತಂದದ್ದು ಮಂಗಲದಾಸ್ ಮಾರ್ಕೆಟ್‌ನಿಂದ, ಮೂರು ಗಂಟೆ ಚೌಕಾಶಿ ಮಾಡಿ. ಮನೆ ಒಂದೇ, ಹೋಗುವ ಅಂಗಡಿಗೆ ತಕ್ಕಂತೆ ಗಿರಾಕಿ ಬೇರೆ. ಹೀಗಿರುವಾಗ ಒಂದು ಅಂಗಡಿ ಸರಿ, ಇನ್ನೊಂದು ಮೋಸ ಅಂದರೆ ಹೇಗೆ?

ನಿಜವಾದ ತಪ್ಪು ಎಲ್ಲಿದೆ ಗೊತ್ತಾ? ತಣ್ಣಗಿನ ಬಾಟಲಿಗೆ ‘ಕೂಲಿಂಗ್’ ಅಂತ ಎಂಆರ್‌ಪಿ ಮೇಲೆ ಎರಡು ರೂಪಾಯಿ ಕೇಳುತ್ತಾರಲ್ಲ, ಅದು ತಪ್ಪು. ಕೊಡಬೇಡಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು. ಹೋಟೆಲಿನಲ್ಲಿ ಕೂತು ಊಟ ಮಾಡುವಾಗ ಮಾತ್ರ ಈ ವಾದ ನಡೆಯುವುದಿಲ್ಲ. ಅಲ್ಲಿ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೀವು ಕೇಳದೇ ಇದ್ದ ಒಂದು ಮಾತೂ ಇದೆ. ನಿಮ್ಮೆದುರೇ ತೂಗಿ ಕೊಡುವ ಮಾಲಿಗೆ ಎಂಆರ್‌ಪಿ ಇರುವುದಿಲ್ಲ, ಅಲ್ಲಿ ಕಣ್ಣು ತಕ್ಕಡಿಯ ಮೇಲಿರಬೇಕು. ಬಿಸ್ಕತ್ತಿನ ಎರಡು ರೂಪಾಯಿಗೆ ಜಗಳವಾಡುವವರೇ ದೀಪಾವಳಿಯಲ್ಲಿ ಮಿಠಾಯಿಯನ್ನು ಡಬ್ಬದ ಸಮೇತ ತೂಗಿಸಿಕೊಂಡು ಬರುತ್ತಾರೆ. ಕಿಲೋಗೆ ಎಂಟುನೂರರ ಪೇಡೆ, ಡಬ್ಬ ಅರವತ್ತು ಗ್ರಾಂ ಅಂತಿಟ್ಟುಕೊಳ್ಳಿ. ರಟ್ಟಿಗೆ ನಲವತ್ತೆಂಟು ರೂಪಾಯಿ ಕೊಟ್ಟ ಹಾಗಾಯಿತು! ಡಬ್ಬವನ್ನು ಮಾಲಿನ ತೂಕದಲ್ಲಿ ಸೇರಿಸುವ ಹಾಗಿಲ್ಲ. ಮೊದಲು ಖಾಲಿ ಡಬ್ಬ ತಕ್ಕಡಿ ಮೇಲಿಡಲು ಹೇಳಿ. ಅಂಕಿ ಸೊನ್ನೆಗೆ ಬಂದಮೇಲೆ ಪೇಡೆ ತುಂಬಲಿ.