ಹಳೇ ಮೊಟ್ಟೆಗೆ ಇಷ್ಟೊಂದು ಬೆಲೆ ಯಾಕೆ?

ಪ್ರಶ್ನೆ: ನಾವು ಶಿಕಾಗೊ ಹತ್ತಿರ ಇದ್ದೇವೆ. ಇಬ್ಬರು ಮಕ್ಕಳು, ಒಂದು ಸಾಧಾರಣ ಎಸ್‌ಯುವಿ. ಕ್ಯಾಂಪಿಂಗ್‌ಗೆಂದು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ಮಲಗಬಹುದಾದ ಸಣ್ಣ ಟ್ರೇಲರ್ ಹುಡುಕುತ್ತಿದ್ದೇವೆ. 1978ರ 13 ಅಡಿಯ ಫೈಬರ್‌ಗ್ಲಾಸ್ ಟ್ರೇಲರ್ ಒಂದಕ್ಕೆ 9,000 ಡಾಲರ್ ಹೇಳುತ್ತಿದ್ದಾರೆ. ಅದೇ ದುಡ್ಡಿಗೆ 12 ವರ್ಷ ಹಳೆಯ 24 ಅಡಿಯದು ಸಿಗುತ್ತದೆ, ಬಚ್ಚಲು, ಟಿವಿ ಎಲ್ಲಾ ಸೇರಿ. ಹಳೆಯದಾದಷ್ಟೂ ಅಗ್ಗ ಆಗಬೇಕಲ್ಲವೇ? ಶನಿವಾರ ನೋಡಲು ಹೋಗುವವರಿದ್ದೇವೆ. ತಗೊಳ್ಳಬಹುದೇ?

ಉತ್ತರ: ಇಷ್ಟು ಬೆಲೆ ಇರುವುದಕ್ಕೆ ಕಾರಣ ನೀರು. ದೊಡ್ಡದರಲ್ಲಿ ಬಚ್ಚಲಿದೆ ಅಂದಿರಲ್ಲ, ಆ ನೀರಲ್ಲ. ಮೇಲಿಂದ ಬೀಳುವುದು.

ನಾನು ಸಾಗರದ ಕಡೆಯವನು. ಜೂನ್ ಬಂತೆಂದರೆ ಅಜ್ಜಿ ಯಾವ ಹಂಚಿನ ಕೆಳಗೆ ಯಾವ ಪಾತ್ರೆ ಇಡಬೇಕೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವನು ಮಿನೆಸೋಟಾಕ್ಕೆ ಬಂದು ಸೋರುವ ಟ್ರೇಲರ್ ಕೊಂಡೆ ಎಂದರೆ ನಾಚಿಕೆಯ ವಿಷಯವೇ. ನನ್ನ ಮೊದಲನೆಯದು 18 ಅಡಿಯದು, ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ಒಳಗೆ ಹೊಸ ವಾಲ್‌ಪೇಪರ್ ಅಂಟಿಸಿದ್ದರು. ಎಷ್ಟು ಚೊಕ್ಕವಾಗಿಟ್ಟುಕೊಂಡಿದ್ದಾರೆ ಅಂದುಕೊಂಡೆ. ವಾಲ್‌ಪೇಪರ್ ಯಾಕೆ ಹೊಸದು ಎಂದು ಕೇಳುವಷ್ಟು ಬುದ್ಧಿ ಅವತ್ತು ಇರಲಿಲ್ಲ. ಮೂರನೇ ತಿಂಗಳು ಮೂಲೆಯ ಕುಶನ್ ತೆಗೆದು ಗೋಡೆಗೆ ಹೆಬ್ಬೆರಳು ಒತ್ತಿದೆ. ಬೆರಳು ಸೀದಾ ಒಳಗೆ ಹೋಯಿತು, ಕಳಿತ ಹಲಸಿನ ಹಣ್ಣಿಗೆ ಒತ್ತಿದ ಹಾಗೆ. ಒಳಗಿನ ರೀಪು ಕಪ್ಪು ಪುಡಿಯಾಗಿ ಉದುರಿತು.

ಬಹುಪಾಲು ಟ್ರೇಲರ್‌ಗಳ ಕತೆ ಇದೇ. ತೆಳ್ಳನೆಯ ಮರದ ರೀಪಿನ ಗೂಡು, ಅದರ ಮೇಲೆ ತಗಡು, ಒಳಗೆ ತೆಳು ಪ್ಲೈವುಡ್, ಮೂಲೆಮೂಲೆಗೆ ಸ್ಕ್ರೂ ಹೊಡೆದ ಪಟ್ಟಿ, ಪಟ್ಟಿಯ ಕೆಳಗೆ ಅಂಟು. ನಿಂತ ಮನೆಯಾದರೆ ಇದು ಬಾಳುತ್ತದೆ. ಆದರೆ ಇದು ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿಯಲ್ಲಿ ಕುಲುಕುತ್ತಾ ಓಡುವ ಮನೆ. ಪ್ರತಿ ಕುಲುಕಿಗೂ ಕೀಲುಗಳು ಕೂದಲೆಳೆಯಷ್ಟು ಸಡಿಲವಾಗುತ್ತವೆ. ಬೇಸಿಗೆಯಲ್ಲಿ ಅಂಟು ಒಣಗಿ ಬಿರಿಯುತ್ತದೆ, ಚಳಿಗಾಲದಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಉಬ್ಬಿ ಅದನ್ನು ಇನ್ನಷ್ಟು ಅಗಲಿಸುತ್ತದೆ. ಒಳಗೆ ಹೊಕ್ಕ ನೀರು ತಗಡಿಗೂ ಪ್ಲೈವುಡ್ಡಿಗೂ ನಡುವೆ ಸದ್ದಿಲ್ಲದೆ ಇಳಿಯುತ್ತದೆ. ನಿಮ್ಮ ಕಣ್ಣಿಗೆ ಕಲೆ ಕಾಣುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ಎಲ್ಲವೂ ಕೊಳೆಯುತ್ತವೆ ಅಂತಲ್ಲ, ಶೆಡ್ಡಿನೊಳಗಿಟ್ಟು ವರ್ಷಾವರ್ಷ ಅಂಟು ಹಚ್ಚಿ ನೋಡಿಕೊಂಡವು ಚೆನ್ನಾಗಿಯೇ ಇರುತ್ತವೆ. ಆದರೆ 12 ವರ್ಷದ ದೊಡ್ಡ ಟ್ರೇಲರ್ ಅಷ್ಟು ಅಗ್ಗಕ್ಕೆ ಸಿಗುವುದು ಮಾರುವವರಿಗೂ ಕೊಳ್ಳುವವರಿಗೂ ಈ ಭಯ ಇರುವುದರಿಂದಲೇ.

ಈಗ ನಿಮ್ಮ ಮೊಟ್ಟೆಗೆ ಬರೋಣ. ಇಲ್ಲಿಯ ಜನ ಅದನ್ನು ಪ್ರೀತಿಯಿಂದ ಕರೆಯುವುದೇ ಮೊಟ್ಟೆ ಅಂತ, ಆಕಾರ ಹಾಗಿದೆ. ಇದರ ಮೂಲಪುರುಷ ಕೆನಡಾದ ವಿನ್ನಿಪೆಗ್‌ನ ರೇ ಒಲೆಕೊ. ಆತ ಅದಕ್ಕೂ ಮುಂಚೆ ಫೈಬರ್‌ಗ್ಲಾಸಿನ ಹಗುರ ಸೆಪ್ಟಿಕ್ ಟ್ಯಾಂಕ್ ಮಾಡಿದ್ದವನು. ನೀರು ಹೊರಗೆ ಹೋಗದ ಹಾಗೆ ಮಾಡಲು ಬಂದರೆ ಒಳಗೆ ಬಾರದ ಹಾಗೆ ಮಾಡಲೂ ಬರಬೇಕಲ್ಲ! 1968ರಲ್ಲಿ ಅದೇ ಸಾಮಗ್ರಿಯಿಂದ 13 ಅಡಿಯ ಟ್ರೇಲರ್ ಮಾಡಿದ. ಬೌಲರ್ ಎಂಬ ಗುಂಡು ತಲೆಯ ಟೋಪಿಯ ಹಾಗೆ ಕಾಣುತ್ತದೆಂದು ಬೋಲರ್ ಎಂದು ಹೆಸರಿಟ್ಟ. ತೂಕ ಸಾವಿರ ಪೌಂಡಿನ ಒಳಗೆ, ಆ ಕಾಲದ ಸಣ್ಣ ಕಾರೂ ಎಳೆಯಬಹುದಿತ್ತು. ಸೆಪ್ಟಿಕ್ ಟ್ಯಾಂಕಿನ ವಿಷಯ ಹೇಳಿದ ದಿನ ನನ್ನ ಹೆಂಡತಿ ನಮ್ಮ ಟ್ರೇಲರಿನೊಳಗೆ ಮಲಗಲು ಸ್ವಲ್ಪ ಹಿಂದೆಮುಂದೆ ನೋಡಿದಳು.

ಆ ವಿನ್ಯಾಸವೇ ಗಡಿ ದಾಟಿ ಮಿನೆಸೋಟಾದ ಬ್ಯಾಕಸ್ ಎಂಬ ಪುಟ್ಟ ಊರಿಗೆ ಬಂತು. 1970ರ ದಶಕದ ಆರಂಭದಿಂದ ಅಲ್ಲಿ ಸ್ಕ್ಯಾಂಪ್ ಹೆಸರಿನಲ್ಲಿ ತಯಾರಾಗುತ್ತಿದೆ, ಇವತ್ತಿಗೂ. ಕೆನಡಾದಲ್ಲಿ ಟ್ರಿಲಿಯಮ್, ಆಮೇಲೆ 1980ರ ದಶಕದಲ್ಲಿ ಟೆಕ್ಸಸ್‌ನಲ್ಲಿ ಕಸೀಟಾ, ಹೀಗೆ ಸಂಸಾರ ಬೆಳೆಯಿತು. 2018ರಲ್ಲಿ ಬೋಲರ್‌ಗೆ 50 ತುಂಬಿದಾಗ ವಿನ್ನಿಪೆಗ್‌ನಲ್ಲಿ ನೂರಾರು ಮೊಟ್ಟೆಗಳು ಜಾತ್ರೆ ಕಟ್ಟಿದ್ದವು.

ಮಾಡುವ ರೀತಿ ದೋಣಿಯದು. ಅಚ್ಚಿನ ಒಳಮೈಗೆ ಮೊದಲು ಜೆಲ್‌ಕೋಟ್ ಎಂಬ ಬಣ್ಣದ ಹೊರಲೇಪ ಸಿಂಪಡಿಸುತ್ತಾರೆ, ಅದರ ಮೇಲೆ ಗಾಜಿನ ಎಳೆಯ ತುಂಡುಗಳನ್ನೂ ರೆಸಿನ್ ಎಂಬ ಅಂಟುದ್ರವವನ್ನೂ ಒಟ್ಟಿಗೆ ಎರಚಿ ರೋಲರ್‌ನಿಂದ ಒತ್ತುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಅರ್ಧ ಚಿಪ್ಪು. ಮೇಲಿನರ್ಧ, ಕೆಳಗಿನರ್ಧ, ನಡುವೆ ಸೊಂಟದಲ್ಲಿ ಒಂದೇ ಬೆಸುಗೆ. ಚಾವಣಿಗೂ ಗೋಡೆಗೂ ನಡುವೆ ಮೂಲೆಯೇ ಇಲ್ಲ. ಮೂಲೆಯೇ ಇಲ್ಲದ ಮೇಲೆ ಮೂಲೆ ಸೋರುವುದು ಎಲ್ಲಿಂದ? ಕೊಳೆಯಲು ಗೋಡೆಯೊಳಗೆ ರೀಪೂ ಇಲ್ಲ. ಹಾಗಾಗಿ 1978ರದು ಇವತ್ತಿಗೂ ರಸ್ತೆ ಮೇಲಿದೆ, ಅದರ ಜೊತೆ ಹುಟ್ಟಿದ ಎಷ್ಟೋ ಮರದ ಟ್ರೇಲರ್‌ಗಳು ಯಾವತ್ತೋ ಮಣ್ಣಾದವು. ಮಾಡಿದ್ದೂ ಕಡಿಮೆ, ಉಳಿದದ್ದು ಹೆಚ್ಚು, ಹುಡುಕುವವರು ಇನ್ನೂ ಹೆಚ್ಚು. ಬೆಲೆ ಇಳಿಯಲು ದಾರಿಯೇ ಇಲ್ಲ.

ಇಷ್ಟು ಹೇಳಿ 9,000 ಕೊಟ್ಟುಬಿಡಿ ಅಂದರೆ ತಪ್ಪಾಗುತ್ತದೆ. ಚಿಪ್ಪು ಕೊಳೆಯುವುದಿಲ್ಲ ಅಷ್ಟೇ, ಚಿಪ್ಪಿನಲ್ಲಿ ಕೊರೆದ ತೂತುಗಳು ಸೋರುತ್ತವೆ. ಕಿಟಕಿಯ ಸುತ್ತಿನ ರಬ್ಬರು, ಚಾವಣಿಯ ಬೆಳಕಿಂಡಿ, ಮತ್ತೆ ರಿವೆಟ್‌ಗಳು. ಒಳಗಿನ ಕಪಾಟು, ಒಲೆಯ ಕಟ್ಟೆ ಎಲ್ಲವನ್ನೂ ಹೊರಗೋಡೆಯಿಂದ ತೂರಿಸಿದ ರಿವೆಟ್‌ಗಳೇ ಹಿಡಿದುಕೊಂಡಿರುತ್ತವೆ. ಒಂದೊಂದೂ ಒಂದು ಪುಟ್ಟ ನಲ್ಲಿ ಅಂದುಕೊಳ್ಳಿ. ನೆಲ ಮಾತ್ರ ಪ್ಲೈವುಡ್ಡೇ, ಅದು ಕೊಳೆಯುತ್ತದೆ. ಬೂಟು ಬಿಚ್ಚಿ ಕಾಲುಚೀಲದಲ್ಲಿ ನಡೆದು ನೋಡಿ, ಬಾಗಿಲ ಹತ್ತಿರ, ಕಪಾಟಿನ ಕೆಳಗೆ. ಮೆತ್ತಗಾದ ಜಾಗ ಬೂಟಿಗೆ ಗೊತ್ತಾಗುವುದಿಲ್ಲ, ಪಾದಕ್ಕೆ ಗೊತ್ತಾಗುತ್ತದೆ.

ಆಮೇಲೆ ಮಲಗಿ ಕೆಳಗೆ ನೋಡಿ. ನಾಚಿಕೆ ಬೇಡ, ಮಾರುವವರೇ ಒಂದು ರಟ್ಟು ತಂದು ಹಾಸಿಕೊಡುತ್ತಾರೆ. ಇವುಗಳಲ್ಲಿ ಹೆಚ್ಚಾಗಿ ಪಟ್ಟಾ ಸ್ಪ್ರಿಂಗ್ ಇರುವುದಿಲ್ಲ. ಚೌಕದ ಕೊಳವೆಯೊಳಗೆ ರಬ್ಬರ್ ತುರುಕಿದ ಟಾರ್ಷನ್ ಆಕ್ಸೆಲ್ ಇರುತ್ತದೆ, ಆ ರಬ್ಬರಿನ ತಿರುಚೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ದಶಕಗಳಲ್ಲಿ ರಬ್ಬರು ಕಲ್ಲಾಗುತ್ತದೆ. ಚಕ್ರ ಹಿಡಿದ ತೋಳು ಮೇಲಕ್ಕೆ ಮುಖ ಮಾಡಿ ನಿಂತಿದ್ದರೆ ಅದರ ಆಯಸ್ಸು ಮುಗಿದಿದೆ ಅಂತಲೇ. ರಿಪೇರಿ ಇಲ್ಲ, ಇಡೀ ಆಕ್ಸೆಲ್ ಬದಲಿಸಬೇಕು, ಸಾವಿರ ಡಾಲರಿನ ಆಸುಪಾಸಿನ ಮಾತು. ಅದನ್ನು ತೋರಿಸಿ ಬೆಲೆ ಇಳಿಸಿ. ಚಾಸಿಯಲ್ಲಿ, ಅಂದರೆ ಅಡಿಯ ಚೌಕಟ್ಟಿನಲ್ಲಿ, ಮುಂದಿನ ಬಾಗಿನ ಹತ್ತಿರ ಬಿರುಕು, ಬೆಸುಗೆಯ ಹೊಸ ಗುರುತು ಇದೆಯೇ ನೋಡಿ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಹಲ್ಲು ಎಷ್ಟೇ ಚೂಪಾಗಿರಲಿ, ಐದಾರು ವರ್ಷ ದಾಟಿದ ಟ್ರೇಲರ್ ಟೈರನ್ನು ನಂಬಬೇಡಿ. ಚಾಸಿ ನಂಬರೂ ಕಾಗದದ ನಂಬರೂ ತಾಳೆಯಾಗದಿದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ.

ಇನ್ನೊಂದು ಲೆಕ್ಕ ನಿಮ್ಮ ಎಸ್‌ಯುವಿಯದು. 24 ಅಡಿಯದು ಸಾಮಾನು ತುಂಬಿದರೆ 5,000 ಪೌಂಡ್ ಆರಾಮಾಗಿ ದಾಟುತ್ತದೆ. ಸಾಧಾರಣ ಎಸ್‌ಯುವಿಗಳು ಎಳೆಯಬಲ್ಲ ತೂಕ ಹೆಚ್ಚಾಗಿ 3,500 ಪೌಂಡಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ನಿಮ್ಮದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಅಂದರೆ ಟ್ರೇಲರಿನ ಹಿಂದೆಯೇ ಟ್ರಕ್ಕೂ ಕೊಳ್ಳಬೇಕು. 13 ಅಡಿಯದು ಸಾಮಾನು ಸೇರಿ 1,500 ಪೌಂಡ್, ಸುಮಾರು 680 ಕಿಲೊ.

ಭಾರ ಹೇರುವ ಬಗ್ಗೆ ಇಲ್ಲಿಯ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ನಮ್ಮ ಕಡೆ ಎತ್ತಿನ ಗಾಡಿ ಹೂಡಿದವರಿಗೆ ಒಂದೇ ಮಾತು ಸಾಕು. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಕತ್ತು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಎತ್ತು ಕುಸಿಯುತ್ತದೆ. ಟ್ರೇಲರಿಗೂ ಅಷ್ಟೇ. ಒಟ್ಟು ತೂಕದಲ್ಲಿ 10ರಿಂದ 15 ಪ್ರತಿಶತ ಮೂಕಿಯ ಮೇಲೆ, ಅಂದರೆ ಕಾರಿಗೆ ಸಿಕ್ಕಿಸುವ ಕೊಂಡಿಯಾದ ಹಿಚ್ ಮೇಲೆ ಕೂರಬೇಕು. 1,500 ಪೌಂಡಿಗೆ 150ರಿಂದ 225. ಬಚ್ಚಲಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಮೂಕಿಯನ್ನು ಇಟ್ಟು ನೋಡಿದರೆ ಗೊತ್ತಾಗುತ್ತದೆ. ನಾನು ಇದೆಲ್ಲ ತಿಳಿದವನೇ. ಆದರೂ ಒಂದು ಸಲ ಎರಡು ಸೈಕಲ್, ನೀರಿನ ಕ್ಯಾನು ಎಲ್ಲವನ್ನೂ ಹಿಂದಿನ ಬಂಪರಿಗೇ ಕಟ್ಟಿಕೊಂಡು ಹೊರಟೆ. ಡುಲುತ್‌ಗೆ ಇಳಿಯುವ ಇಳಿಜಾರಿನಲ್ಲಿ, ಎದುರಿಗೆ ಸುಪೀರಿಯರ್ ಸರೋವರ ಹರಡಿಕೊಂಡಿದೆ, ಹಿಂದೆ ಮೊಟ್ಟೆ ಬಾಲ ಅಲ್ಲಾಡಿಸಲು ಶುರುಮಾಡಿತು. ಮೊದಲು ಮೆತ್ತಗೆ, ಆಮೇಲೆ ಕಾರನ್ನೇ ಎಳೆದಾಡುವ ಹಾಗೆ. ಅಂಥ ಹೊತ್ತಿನಲ್ಲಿ ಬ್ರೇಕ್ ಜೋರಾಗಿ ಒತ್ತಬಾರದು, ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ತೆಗೆದೆ. ಕೆಳಗಿಳಿದು ನಿಲ್ಲಿಸಿದಾಗ ಮಗ ಕೇಳಿದ, "ಅಪ್ಪಾ, ಇನ್ನೊಂದ್ಸಲ ಹಾಗೆ ಮಾಡ್ತೀಯಾ?"

ನನ್ನ ಮೊಟ್ಟೆಯನ್ನು ಕೊಂಡಿದ್ದು ನಿವೃತ್ತ ದಂಪತಿಯಿಂದ. ನಾನು ಪ್ರಶ್ನೆ ಕೇಳಲು ಹೋದರೆ ಅವರೇ ನನಗೆ ಸಂದರ್ಶನ ಮಾಡಿದರು. ಚಳಿಗಾಲದಲ್ಲಿ ಎಲ್ಲಿ ಇಡುತ್ತೀಯಾ? ಸೂರಿದೆಯಾ? ಬೇಟೆಗೆ ಹೋಗುವಾಗ ಮಲಗಲು ಬಳಸುತ್ತೀಯಾ? ಹೆಣ್ಣು ನೋಡಲು ಹೋದ ಹಾಗಿತ್ತು. ಒಳಗೆ ಎಲ್ಲೆಲ್ಲೂ ಕಾಗದದ ಟೇಪ್ ಅಂಟಿಸಿ ಆ ಮನೆಯ ಅಜ್ಜಿ ಪೆನ್ಸಿಲಿನಲ್ಲಿ ಬರೆದಿದ್ದರು. ಗ್ಯಾಸ್ ಫ್ರಿಜ್ಜಿನ ಮೇಲೆ, "ನೆಲ ಸಮ ಇಲ್ಲದಿದ್ದರೆ ಮುನಿಸಿಕೊಳ್ಳುತ್ತದೆ." ಅದು ನಿಜ, ಹಳೆಯ ಗ್ಯಾಸ್ ಫ್ರಿಜ್ಜಿನೊಳಗೆ ದ್ರವ ತನ್ನ ಪಾಡಿಗೆ ಇಳಿಯಬೇಕು, ಟ್ರೇಲರ್ ವಾಲಿದ್ದರೆ ತಂಪಾಗುವುದಿಲ್ಲ. ಮೂರನೇ ಕಿಟಕಿಯ ಮೇಲೆ, "ಇದನ್ನು ಅವನು ತೆಗೆಯಲಿ." ಆ ಟೇಪುಗಳನ್ನು ನಾನು ಕೀಳಲಿಲ್ಲ.

13 ಅಡಿ ಎಂದರೆ ಮೂಕಿ ಸೇರಿ ಎಂಬುದು ನೆನಪಿರಲಿ. ಒಳಗೆ ಸಿಗುವುದು ಸುಮಾರು 10 ಅಡಿ. ನಾಲ್ಕು ಜನ ಎಂದರೆ ಒಬ್ಬರು ಎದ್ದರೆ ಉಳಿದವರು ಕೂರಬೇಕು. ಊಟದ ಮೇಜು ರಾತ್ರಿ ಹಾಸಿಗೆಯಾಗುತ್ತದೆ, ಎದುರಿನ ಸೋಫಾ ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚವಾಗುತ್ತದೆ. ಗೂಸ್‌ಬೆರಿ ಜಲಪಾತದ ಕ್ಯಾಂಪ್‌ನಲ್ಲಿ ಮೊದಲ ರಾತ್ರಿ ಸಾರಿಗೆ ಒಳಗೇ ಒಗ್ಗರಣೆ ಹಾಕಿದೆ. ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕ್ಷಣಕ್ಕೆ ಹೊಗೆಯ ಅಲಾರಂ ಬಡಿದುಕೊಂಡಿತು, ಪಕ್ಕದ ಡೇರೆಯವರು ಓಡಿ ಬಂದರು, ಸಾರು ಕುಡಿದು ಹೋದರು. ಆ ಇಂಗಿನ ವಾಸನೆ ಗೋಡೆಯ ತುಪ್ಪಳದಂಥ ಬಟ್ಟೆಯಲ್ಲಿ (ಇಲ್ಲಿಯವರು ಅದನ್ನು ಇಲಿ ತುಪ್ಪಳ ಅನ್ನುತ್ತಾರೆ) ಎರಡು ಸೀಸನ್ ಉಳಿಯಿತು. ಒಗ್ಗರಣೆಗೆ ಹೊರಗೆ ಬೇರೆ ಸ್ಟೌ ಇಟ್ಟುಕೊಳ್ಳಿ.

ಆರು ವರ್ಷದ ಮೇಲೆ ಮಗನ ಕಾಲು ಮಂಚದ ಆಚೆ ಗೋಡೆಗೆ ತಾಗತೊಡಗಿದಾಗ ಮಾರಿದೆವು. ಮಾರ್ಚ್ ಕೊನೆ, ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಸಣ್ಣ ಟ್ರೇಲರಿನ ವ್ಯಾಪಾರ ಕುದುರುವುದೇ ಆಗ. ಕೊಳ್ಳುವವರಾದರೆ ಅಕ್ಟೋಬರ್ ಒಳ್ಳೆಯದು, ಚಳಿಗಾಲಕ್ಕೆ ಜಾಗ ಹುಡುಕುವ ತಲೆನೋವು ಮಾರುವವರದು. ಕೊಂಡ ಬೆಲೆಗಿಂತ 300 ಡಾಲರ್ ಹೆಚ್ಚೇ ಬಂತು. ಲಾಭ ಅನ್ನಬೇಡಿ, ನಡುವೆ ಆಕ್ಸೆಲ್, ಟೈರು, ಬೆಳಕಿಂಡಿಗೆ ಸುರಿದದ್ದನ್ನು ನಾನು ಲೆಕ್ಕ ಇಟ್ಟಿಲ್ಲ, ಹೆಂಡತಿ ಇಟ್ಟಿದ್ದಾಳೆ. ಹಾಗೆಯೇ ಕೋವಿಡ್ ಕಾಲದ ಬೆಲೆಗಳನ್ನು ಇವತ್ತಿಗೆ ಹಿಡಿಯಬೇಡಿ. 2021ರಲ್ಲಿ ಇಲ್ಲಿ ಹೊಸ ಟ್ರೇಲರ್, ಮೋಟರ್‌ಹೋಮ್ ಎಲ್ಲ ಸೇರಿ 6 ಲಕ್ಷ ಕಾರ್ಖಾನೆಯಿಂದ ಹೊರಬಿದ್ದವು, ಅದು ದಾಖಲೆ. ಹಳೆಯವಕ್ಕೂ ಆಗ ಹುಚ್ಚು ಬೆಲೆ ಬಂದಿತ್ತು, ಆಮೇಲೆ ತಣ್ಣಗಾಯಿತು.

ನಿಮ್ಮ ಮಕ್ಕಳ ವಯಸ್ಸು ಬರೆದಿಲ್ಲ. ಹತ್ತರ ಒಳಗಿದ್ದರೆ, ಆಕ್ಸೆಲ್, ನೆಲ ಗಟ್ಟಿ ಇದ್ದರೆ, 9,000 ಅನ್ಯಾಯವಲ್ಲ, ಎಂಟಕ್ಕೆ ಇಳಿಸಲು ನೋಡಿ. ಹದಿನಾಲ್ಕು ದಾಟಿದ ಮಕ್ಕಳಾದರೆ 16 ಅಡಿಯದು ಹುಡುಕಿ.

ಮತ್ತೆ ಆ ಶನಿವಾರದ ವಿಷಯ. ಹೋಗುವ ಮೊದಲು ಹವಾಮಾನ ನೋಡಿ. ಬಿಸಿಲಿದ್ದರೆ ಏನಾದರೂ ನೆಪ ಹೇಳಿ ಮುಂದೆ ಹಾಕಿ, ರಾತ್ರಿಯೆಲ್ಲ ಮಳೆ ಹೊಯ್ದ ಮರುದಿನ ಬೆಳಿಗ್ಗೆ ಹೋಗಿ. ಬಾಗಿಲು ತೆಗೆದ ತಕ್ಷಣ ಮೂಸಿ ನೋಡಿ, ಆಮೇಲೆ ಕುಶನ್ ಎತ್ತಿ ಅಡಿಗೆ ಕೈ ಹಾಕಿ.