ವುಡಿ ಕಲೋನ್ ಹಾಕುವ ಗಂಡಸು ನಿಜವಾಗಿಯೂ ಗಂಭೀರನಾ?

ಪ್ರಶ್ನೆ: ಮರದ ಘಮದ ಕಲೋನ್ ಹಾಕುವವರು ಗಂಭೀರ ಸ್ವಭಾವದವರು, ಮಾತು ಕಡಿಮೆ, ನಂಬಿಕಸ್ಥರು ಅಂತ ಹೇಳ್ತಾರೆ. ನಾನು ಬಾಯಿಬಡುಕ. ಆದ್ರೂ ನನಗೆ ಆ ಘಮ ತುಂಬಾ ಇಷ್ಟ. ನನಗೆ ಒಪ್ಪುತ್ತದಾ?

ಒಪ್ಪುತ್ತದೆ, ಧೈರ್ಯವಾಗಿ ಹಾಕಿ. ಬಾಟಲಿ ನೋಡಿ ಯಾರ ಸ್ವಭಾವವನ್ನೂ ಹೇಳಲು ಬರುವುದಿಲ್ಲ. ಆದರೆ ಆ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ. ಅದರ ಬೇರು ಮರದ ಎಣ್ಣೆಯಲ್ಲೇ ಇದೆ.

ಕಿತ್ತಳೆ ಸಿಪ್ಪೆ ಚಿವುಟಿದರೆ ಘಮ ಒಮ್ಮೆಗೇ ಮೂಗಿಗೆ ಹಾರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬೆರಳು ಮೂಸಿದರೆ ಆ ಜೋರು ಇರುವುದಿಲ್ಲ. ಆ ಘಮದ ಮುಖ್ಯ ವಸ್ತು ಲಿಮೊನೀನ್. ಅದರ ಒಂದೊಂದು ಅಣುವಿನಲ್ಲಿ 10 ಇಂಗಾಲದ ಪರಮಾಣು. ಹಗುರ, ಹಾಗಾಗಿ ಬೇಗ ಹಾರಿಹೋಗುತ್ತದೆ. ಶ್ರೀಗಂಧದ ಸಾಂಟಲಾಲ್, ಸೀಡರ್ ಮರದ ಸೆಡ್ರಾಲ್ ಇವುಗಳಲ್ಲಿ 15 ಇಂಗಾಲ. ಭಾರ ಜಾಸ್ತಿ. ಮೈ ಬಿಸಿಗೆ ನಿಧಾನವಾಗಿ ಏಳುತ್ತವೆ, ಗಂಟೆಗಟ್ಟಲೆ ಚರ್ಮದ ಹತ್ತಿರವೇ ಇರುತ್ತವೆ. ಗದ್ದಲ ಮಾಡದೆ ಕೊನೆಯವರೆಗೂ ಜೊತೆಗಿರುವ ಮನುಷ್ಯನನ್ನು ನಾವು ಏನಂತೀವಿ? ಗಂಭೀರ, ನಂಬಿಕಸ್ಥ ಅಂತೀವಿ, ಅಲ್ವಾ? ಘಮದ ಗುಣವನ್ನೇ ಅದನ್ನು ಹಾಕಿಕೊಂಡವನ ಗುಣ ಅಂತ ಓದಿಬಿಡುತ್ತೇವೆ.

ಆದರೆ ‘ವುಡಿ’ ಅನ್ನುವುದು ಒಂದೇ ಘಮ ಅಲ್ಲ. ಪೆನ್ಸಿಲ್ ಕೆತ್ತಿದಾಗ ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆಯನ್ನು ಒಮ್ಮೆ ಮೂಸಿ ನೋಡಿ. ಒಣಗಿದ, ಚೊಕ್ಕಟವಾದ, ತುಸು ಚುಚ್ಚುವ ಘಮ. ಸೀಡರ್ ಅಂದರೆ ಹೆಚ್ಚುಕಡಿಮೆ ಅದೇ. ಹಿಂದೆ ಪೆನ್ಸಿಲ್‌ಗೆ ಬಳಸುತ್ತಿದ್ದದ್ದೇ ವರ್ಜೀನಿಯಾ ಸೀಡರ್ ಮರ. ನನ್ನ ಮೂಗಿಗೆ ಇದು ಇಸ್ತ್ರಿ ಮಾಡಿದ ಅಂಗಿ, ನೇರ ಮಾತಿನ ಮನುಷ್ಯ. ಶ್ರೀಗಂಧಕ್ಕೆ ಚೂಪೇ ಇಲ್ಲ. ಹಾಲಿನ ಕೆನೆಯ ಹಾಗೆ ನುಣುಪು, ಪಕ್ಕದಲ್ಲಿ ಕೂತರೆ ಮಾತ್ರ ಗೊತ್ತಾಗುವಂಥದ್ದು.

ಲಾವಂಚ ಮರವೇ ಅಲ್ಲ, ಹುಲ್ಲಿನ ಬೇರು. ಆದರೂ ಸುಗಂಧ ಮಾಡುವವರು ಅದನ್ನು ಇದೇ ಗುಂಪಿಗೆ ಸೇರಿಸುತ್ತಾರೆ. ಒದ್ದೆ ಮಣ್ಣು, ಸ್ವಲ್ಪ ಹೊಗೆ, ಸ್ವಲ್ಪ ಕಹಿ. ತನ್ನ ಪಾಡಿಗೆ ತಾನಿರುವ, ಯಾರನ್ನೂ ಮೆಚ್ಚಿಸಲು ಹೋಗದ ಘಮ. 1959ರಲ್ಲಿ ಫ್ರಾನ್ಸಿನ ಸುಗಂಧ ಕಂಪನಿ ಗೆರ್ಲಾನ್ ತಂದ ‘ವೆಟಿವರ್’ (ಲಾವಂಚದ್ದೇ ಇನ್ನೊಂದು ಹೆಸರು) ಇವತ್ತಿಗೂ ಮಾರಾಟದಲ್ಲಿದೆ.

ಊದ್ ಇನ್ನೊಂದು ಥರ. ಅಗರು ಮರಕ್ಕೆ ಗಾಯವಾಗಿ ಶಿಲೀಂಧ್ರ ತಗುಲಿದಾಗ, ತನ್ನನ್ನು ಕಾಪಾಡಿಕೊಳ್ಳಲು ಅದು ಕಪ್ಪು ರಾಳ ಸುರಿಸುತ್ತದೆ. ಆ ರಾಳದ್ದೇ ಊದ್ ಘಮ. ಆರೋಗ್ಯವಾಗಿರುವ ಮರದಲ್ಲಿ ಅದು ಇರುವುದಿಲ್ಲ. ಮನುಷ್ಯ ಒಳಗೆ ಬರುವ ಮೊದಲೇ ಊದ್ ಬಂದಿರುತ್ತದೆ. ‘ಮಾತು ಕಡಿಮೆ’ ಅನ್ನುವ ವರ್ಣನೆ ಇದಕ್ಕೆ ಒಂಚೂರೂ ಹೊಂದುವುದಿಲ್ಲ.

ಮರದ ಘಮ ಗಂಡಸರದ್ದು ಅನ್ನುವುದೂ ರೂಢಿಯಷ್ಟೇ. ಫ್ರಾನ್ಸಿನ ಶನೆಲ್ ಕಂಪನಿ 1926ರಲ್ಲೇ ಶ್ರೀಗಂಧ ತುಂಬಿದ ‘ಬ್ವಾ ದೇಝೀಲ್’ ಅನ್ನು ಹೆಂಗಸರಿಗಾಗಿ ತಂದಿತ್ತು. 1992ರಲ್ಲಿ ಜಪಾನಿನ ಶಿಸೈಡೊ ಕಂಪನಿ ಸೀಡರ್ ಘಮದ ಒಂದು ಪರ್ಫ್ಯೂಮಿಗೆ ‘ಮರದ ಹೆಣ್ತನ’ ಅನ್ನುವ ಅರ್ಥದ ಹೆಸರನ್ನೇ ಇಟ್ಟಿತು.

ಹಾಗಾದರೆ ಘಮದಿಂದ ಮನುಷ್ಯ ಏನೂ ಬದಲಾಗುವುದಿಲ್ಲವಾ? ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. 2009ರಲ್ಲಿ ಪ್ರಕಟವಾದದ್ದು, ಬ್ರಿಟನ್ನಿನ ಸಂಶೋಧಕರು ಮಾಡಿದ್ದು. ಕೆಲವು ಗಂಡಸರಿಗೆ ಸುಗಂಧ ಇರುವ ಡಿಯೋಡರೆಂಟ್ ಕೊಟ್ಟರು, ಇನ್ನು ಕೆಲವರಿಗೆ ಸುಗಂಧ ಇಲ್ಲದ ಸ್ಪ್ರೇ. ಆಮೇಲೆ ಅವರ ವಿಡಿಯೋಗಳನ್ನು ಧ್ವನಿ ತೆಗೆದು ಹೆಂಗಸರಿಗೆ ತೋರಿಸಿದರು. ಸುಗಂಧ ಹಾಕಿದ್ದವರೇ ಹೆಚ್ಚು ಆಕರ್ಷಕ ಅನ್ನಿಸಿದರು. ನೋಡಿದವರಿಗೆ ವಾಸನೆ ಸಿಕ್ಕಿರಲೇ ಇಲ್ಲ! ಫೋಟೋ ತೋರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಬದಲಾಗಿದ್ದು ಮುಖ ಅಲ್ಲ, ಅವರು ಕೂರುವ, ಅಲುಗಾಡುವ ರೀತಿ. ಘಮ ಮೊದಲು ಕೆಲಸ ಮಾಡುವುದು ಹಾಕಿಕೊಂಡವನ ಮೇಲೆ. ಅದಕ್ಕೇ ‘ನನಗೆ ಇಷ್ಟ’ ಅಂದಿರಲ್ಲ, ನನಗೆ ಅಷ್ಟು ಸಾಕು.

ಮಾತುಗಾರರಾದ ನಿಮಗೆ ನನ್ನ ಸಲಹೆ: ಮೇಲೆ ಕಿತ್ತಳೆ ಜಾತಿಯ ಹುರುಪು, ಕೆಳಗೆ ಮರ ಇರುವಂಥದ್ದನ್ನು ಹುಡುಕಿ. 2006ರಲ್ಲಿ ಫ್ರಾನ್ಸಿನ ಎರ್ಮೆಸ್ ಕಂಪನಿಗಾಗಿ ಸುಗಂಧ ತಯಾರಕ ಜಾನ್-ಕ್ಲೋದ್ ಎಲೆನಾ ಮಾಡಿದ ‘ತೇರ್ ದೆರ್ಮೆಸ್’ ಹಾಗೇ ಇದೆ. ನಗುತ್ತಾ ಒಳಗೆ ಬರುತ್ತದೆ, ಆಮೇಲೆ ಸೀಡರ್, ಲಾವಂಚವಾಗಿ ಕೂರುತ್ತದೆ.

ಕಾಗದದ ಪಟ್ಟಿ ಮೂಸಿ ನಿರ್ಧಾರ ಮಾಡಬೇಡಿ. ಮಣಿಕಟ್ಟಿನ ಮೇಲೆ ಒಂದು ಸಲ ಸ್ಪ್ರೇ ಮಾಡಿ, ಉಜ್ಜದೆ ಬಿಡಿ, ನಿಮ್ಮ ಕೆಲಸ ನೋಡಿಕೊಳ್ಳಿ. ಸ್ವಲ್ಪ ಹೊತ್ತಿಗೆ ಘಮ ಹೋಯಿತು ಅನ್ನಿಸಬಹುದು. ಎಷ್ಟೋ ಸಲ ಅದು ಹೋಗಿರುವುದಿಲ್ಲ, ನಿಮ್ಮ ಮೂಗು ಒಗ್ಗಿಹೋಗಿರುತ್ತದೆ. ಆಗ ಮತ್ತೆ ಹೊಡೆದುಕೊಂಡರೆ ಪಕ್ಕದವರ ತಲೆನೋವಿಗೆ ದಾರಿ. ನಾಲ್ಕು ಗಂಟೆ ಬಿಟ್ಟು ಅಂಗಿ ತೋಳು ಮೇಲೆತ್ತಿ ಮೂಸಿ. ನೀವು ಇಡೀ ದಿನ ಹೊತ್ತುಕೊಂಡು ತಿರುಗುವುದು ಆಗ ಸಿಗುವ ಘಮವನ್ನೇ.